ಪುಣೆ ಪುಟ್ಟಿಗೆ: ಕೂಸಿನ ತಲಿ ಒತ್ತಬ್ಯಾಡ

ಪುಟ್ಟಿ, ರಾತ್ರಿ ಎರಡಕ್ಕ ನೀ ಗ್ರೂಪಿನಾಗ ಹಾಕಿದ್ದು ಈಗ ನೋಡಿದೆ. ಟೈಪ್ ಮಾಡೂದು ನನ್ನ ಕಡಿಂದ ಆಗೂದಿಲ್ಲ, ಮಾತಾಡೇ ಕಳಸ್ತೀನಿ. ಉದ್ದ ಆತು ಅಂತ ಯಾರೂ ಸಿಟ್ಟಾಗಬ್ಯಾಡ್ರಿ. ಠಾಣೆ ಮಾವಶಿ, ನೀ ಕಿವಿ ಮಷೀನ್ ಹಾಕ್ಕೊಂಡು ಕೇಳು, ಆಮ್ಯಾಲ ನನಗ ಫೋನ್ ಮಾಡಿ ಮೊದಲಿಂದ ಹೇಳು ಅನಬ್ಯಾಡ.

ಕೂಸಿಗೆ ಎನ್‌ಐಸಿಯುದಾಗ, ಅಂದ್ರ ಎಳೇ ಕೂಸುಗಳ ಐಸಿಯುದಾಗ, ಮೂರು ವಾರ ಮೂಗಿನಾಗ ನಳಗಿ, ಆಮ್ಯಾಲ ಬಾಟ್ಲಿ, ಈಗ ಮನಿಗೆ ಬಂದ ಮ್ಯಾಲ ಮೊಲಿ ಹತ್ರ ಒಯ್ದ್ರ ಸಾಕು ಬೆನ್ನು ಸೆಟಸಿ ಚೀರ್ತದ, "ಬಿಟ್ಟೇ ಬಿಡ್ಲೇನು ದೊಡ್ಡವ್ವಾ" ಅಂತ ಕೇಳಿ. ಬಿಡೂದು ಹಿಡಿಯೂದು ಆಮ್ಯಾಲ. ಮೊದಲ ನೀ ನನಗ ಹೇಳು, ಕೂಸಿನ ತಲಿ ಹಿಂದ ಕೈ ಇಟ್ಟು ಒತ್ತೂದು ಯಾರು? ನಿಮ್ಮತ್ತಿನೋ, ಆ ಮಾಲೀಶ್ ಬಾಯಿನೋ? ಯಾರೇ ಇರ್ಲಿ, ತಲಿ ಹಿಡದು ಒತ್ತಬ್ಯಾಡ್ರಿ.

ನಮ್ಮ ದೊಡ್ಡವಳ ಕಥಿ ನಿಮಗೆಲ್ಲಾ ಗೊತ್ತದ, ಆದ್ರ ಅರ್ಧಾನೇ ಗೊತ್ತದ. 1991, ಡೋಂಬಿವಲಿ, ಆ ಒಂದೇ ಖೋಲಿ ಮನಿ. ದಿನಾ ತುಂಬೂಕ್ಕಿಂತ ಮೊದಲ ಹುಟ್ಟಿತು, ಮೈ ಅರಿಷಿಣ ಆತು, ಕಾಮಣಿ ಅಂದ್ರು. ನೀಲಿ ಲೈಟಿನ ಕೆಳಗ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿಸಿದ್ರು. ನನ್ನ ಕೈಯಾಗ ಕೊಡ್ಲೇ ಇಲ್ಲ. ಬಾಟ್ಲಿಲೆ ಕುಡಿಸಿದ್ರು. ಹಾಲು ಹಿಂಡಿ ಇಡು ಅಂತ ನನಗ ಒಬ್ಬರೂ ಹೇಳ್ಲಿಲ್ಲ. ಅಷ್ಟರಾಗ ಮುಂಬೈದ ಸಾಯನ್ ದವಾಖಾನಿಯೊಳಗ ಡಾಕ್ಟರ್ ಅರ್ಮಿಡಾ ಫರ್ನಾಂಡಿಸ್ ತಾಯಂದಿರ ಹಾಲಿನ ಬ್ಯಾಂಕ್ ಸುರು ಮಾಡಿದ್ರು ಗೊತ್ತೇನು, 1989ರಾಗ, ಏಶಿಯಾದಾಗೇ ಮೊದಲನೇದು. ಲೋಕಲ್ ಹತ್ತಿದ್ರ ನಮ್ಮ ಲೈನಿನಾಗೇ ಸಾಯನ್. ನಮಗೇನು ಗೊತ್ತು, ನಾವು ನಳದ ನೀರಿನ ಪಾಳಿ ಕಾಯೂ ಮಂದಿ.

ಕೂಸನ್ನ ನನ್ನ ಕೈಗೆ ಕೊಟ್ಟ ದಿನ ಅಲ್ಲಿ ಆಯಾ ಒಬ್ಬಾಕಿ ಬಂದ್ಲು. ಬಂದಾಕಿನ ಒಂದು ಕೈಲೆ ನನ್ನ ಮೊಲಿ ಹಿಡದ್ಲು, ಇನ್ನೊಂದು ಕೈಲೆ ಕೂಸಿನ ತಲಿ ಹಿಡದ್ಲು, ಡಬ್ಬಿಗೆ ಮುಚ್ಚಳ ಒತ್ತಿದಂಗ ಒತ್ತಿದ್ಲು. ಕೂಸಿನ ಮೂಗು ಮುಚ್ಚಿತು, ಉಸಿರು ಕಟ್ಟಿತು, ಕೆಂಪಗಾಗಿ ಚೀರಿತು. "ಹಟಮಾರಿ ಮುಲ್ಗಿ" ಅಂದು ಹೋದ್ಲು. ಹುಟ್ಟಿ ವಾರ ಆಗಿರ್ಲಿಲ್ಲ ಅದಕ್ಕ, ಎಲ್ಲಿ ಹಟ? ಮನಿಗೆ ಬಂದ್ವಿ, ನಮ್ಮತ್ತಿಯವರದೂ ಅದೇ ಪದ್ಧತಿ. ಅವರು ಈಗಿಲ್ಲ, ಇದ್ದಾಗ ಅಂದಿದ್ದನ್ನೇ ಅಂತೀನಿ. ಹಸದ್ರ ತಾನೇ ಕುಡೀತದ, ಒತ್ತಿ ಹಿಡಿ ಅಂತಿದ್ರು. ಕಡೀಕ ಹ್ಯಾಂಗ ಆತಂದ್ರ, ನಾ ಜಂಪರಿನ ಗುಂಡಿ ಬಿಚ್ಚಿದ್ರ ಸಾಕು, ಕೂಸು ಮುಖ ತಿರುವಿ ಅಳಾಕ ಸುರು. ಹಾಲಿಗಲ್ಲ, ಆ ಕೈಗೆ ಅಂಜಿತ್ತು ಅದು.

ಗದಗಿಂದ ನಮ್ಮವ್ವ ಬಂದ್ಲು ನೋಡು, ಆಕಿ ಎಲ್ಲಾರನ್ನೂ ಖೋಲಿ ಹೊರಗ ಹಾಕಿದ್ಲು. ನಿಮ್ಮ ಕಾಕಾನ್ನೂ. ಕೂಸಿನ ಅಂಗಿ ತಗದು ನನ್ನ ಬರೇ ಎದಿ ಮ್ಯಾಲ ಹಾಕಿ ಮ್ಯಾಲ ಸೀರಿ ಹೊಚ್ಚಿದ್ಲು. ಕುಡಿಸಬ್ಯಾಡ, ಸುಮ್ನ ಇಟಗೋ ಅಂದ್ಲು. ಈಗ ಅದಕ್ಕೇ ಕಾಂಗರೂ ಕೇರ್ ಅಂತಾರಂತ. ದಿನಾ ಹಂಗೇ. ಹಾಲನ್ನ ಬಟ್ಟಲಕ್ಕ ಹಿಂಡಿಸಿ ಒಳಲಿಲೆ, ಅಂದ್ರ ಕೂಸಿಗೆ ಹಾಲು ಹಾಕೂ ಕೊಕ್ಕಿನ ಸಣ್ಣ ಬಟ್ಟಲಿಲೆ, ಹಾಕ್ತಿದ್ಲು, ಬಾಟ್ಲಿ ಮುಟ್ಟಗೊಡ್ಲಿಲ್ಲ. ತಿಂಗಳ ಮ್ಯಾಲಾತು, ಒಂದಿನಾ ನಸುಕಿನಾಗ ಅರ್ಧ ನಿದ್ದಿಯೊಳಗ ತಾನೇ ಬಾಯಿ ಹಾಕಿತು. ಅದಕ್ಕೇ ಮತ್ತೊಮ್ಮೆ ಹೇಳ್ತೀನಿ, ನಿಮ್ಮತ್ತಿಯವರಿಗೂ ಇದನ್ನ ಸ್ಪೀಕರ್ ಹಚ್ಚಿ ಕೇಳಸು: ತಲಿ ಹಿಡದು ಒತ್ತಬ್ಯಾಡ್ರಿ, ಅಳೂ ಕೂಸಿನ ಬಾಯಾಗ ತುರುಕಬ್ಯಾಡ್ರಿ.

ಆ ಒಳಲಿ ನಮ್ಮವ್ವನ ತವರಿಂದು. ಬೆಳ್ಳಿದು, ಗಟ್ಟಿ ಬೆಳ್ಳಿ. ಅವ್ವ ಹೋದ ಮ್ಯಾಲ ಅದು ಹುಬ್ಬಳ್ಳಿಗೆ ಹೋತು. ಯಾರು ಒಯ್ದ್ರು, ಯಾರನ್ನ ಕೇಳಿ ಒಯ್ದ್ರು, ನಾ ಅನ್ನೂದಿಲ್ಲ, ಅವರೂ ಈ ಗ್ರೂಪಿನಾಗೇ ಇದ್ದಾರ. ಮಗಳ ಬಾಣಂತನಕ್ಕ ಕೇಳಿದ್ರ "ಹುಡುಕಬೇಕು" ಅಂದ್ರು. ಹೋದ ವರ್ಷ ಮದುವಿಗೆ ಹೋದಾಗ ನೋಡ್ತೀನಿ, ಶೋಕೇಸಿನಾಗ ಹುಡುಗನ ಕ್ರಿಕೆಟ್ ಕಪ್ಪಿನ ಬಾಜೂಕ ಕರ್ರಗಾಗಿ ನಿಂತದ! ನಾಶಿಕದ ಅತ್ತಿಗಿ ಅಂತೂ, ನನಗ ಆವಾಗ "ನಮ್ಮ ಮನಿತನದಾಗ ಯಾರಿಗೂ ಹಾಲಿಗೆ ಕಡಿಮಿ ಆಗಿಲ್ಲಪಾ" ಅಂದಾಕಿ, ಈಗ ದಿನಾ ಮುಂಜಾನಿ ಎದಿಹಾಲು ಅಮೃತ ಅಂತ ಗುಲಾಬಿ ಹೂವಿನ ಫೋಟೋ ಕಳಸ್ತಾಳ. ಇರ್ಲಿ, ಬಿಡು.

ಹಾಂ, ಒಳಲಿ ಅಂದ ಕೂಡ್ಲೆ ನೆನಪಾತು, ಹೇಳಬೇಕಾದ್ದನ್ನೇ ಬಿಟ್ಟೆ. ಪುಟ್ಟಿ, ಪಂಪ್ ಮಾಡೂದು ನಿಲ್ಲಸಬ್ಯಾಡ. ಹಗಲು ರಾತ್ರಿ ಕೂಡಿ ಎಂಟು ಸಲ ಹಾಲು ತಗೀಬೇಕು, ರಾತ್ರಿದೊಂದು ತಪ್ಪಸಬಾರದು, ಹಾಲು ಮಾಡೂ ಹಾರ್ಮೋನು ರಾತ್ರಿನೇ ಜಾಸ್ತಿ ಇರ್ತದಂತ. ನಮ್ಮ ದೊಡ್ಡವಳ ಹೆರಿಗಿಗೆ ಬಂದಿದ್ಲಲ್ಲ ಲ್ಯಾಕ್ಟೇಶನ್‌ದಾಕಿ, ಎದಿಹಾಲು ಕುಡಿಸೂದು ಕಲಸಾಕಿ, ಆಕಿ ಹೇಳಿದ್ದು. ಹಾಲು ಇಳಿಯಾಕ ಹತ್ತಿದ್ರ ಕೂಸು ಇವತ್ತಲ್ಲ ನಾಳೆ ಕಲೀತದ, ಹಾಲೇ ಬತ್ತಿದ್ರ ಎಲ್ಲಿಂದ ಕಲೀಬೇಕು? ಹಿಂಡಿದ್ದನ್ನ ಒಳಲಿಲೆ ಹಾಕು. ಪುಣೆಯೊಳಗ ಪಾಲಾಡೈ ಅಂದ್ರ ಮೆಡಿಕಲ್‌ದಾಗ ಸ್ಟೀಲಿಂದು ಸಿಗ್ತದ, ಕುದಿಸಿ ತಗೋ, ಹುಬ್ಬಳ್ಳಿ ದಾರಿ ಕಾಯಬ್ಯಾಡ. ಕೂಸನ್ನ ಎಬ್ಬಿಸಿ ಕೂಡಿಸಿದಂಗ ಹಿಡದು ತುಟಿಗೆ ತಾಗಿಸು, ತಾನೇ ಹೀರ್ಲಿ, ಗಂಟಲಕ್ಕ ಸುರವಬ್ಯಾಡ. ಒಮ್ಮೆ ದವಾಖಾನಿ ನರ್ಸ್ ಮುಂದ ಮಾಡಿ ತೋರಸಿಕೋ.

ಮೊಲಿಗೆ ಹಚ್ಚೂದು ಹಸಿವಿ ಏರೂಕ್ಕಿಂತ ಮೊದಲ, ನಿದ್ದಿಗಣ್ಣಿನಾಗ ಬಾಯಿ ಚಪ್ಪರಸ್ತದಲ್ಲ, ಆವಾಗ. ಮೊದಲ ಕೈಲೆ ಒಂದೆರಡು ಹನಿ ಹಿಂಡಿ ತುದಿಗೆ ಇಟ್ಟಿರು, ಬಾಟ್ಲಿಗೆ ರೂಢಿ ಆದ ಕೂಸಿಗೆ ಕಾಯೂ ತಾಳ್ಮಿ ಇರೂದಿಲ್ಲ. ಕೈ ಕುತ್ತಿಗಿ, ಹೆಗಲಿಗೆ ಇರ್ಲಿ, ತಲಿ ಹಿಂದಕ್ಕ ಬಾಗೂ ಹಂಗ. ಗದ್ದ ಮೊದಲ ತಾಗಬೇಕು, ಮೂಗಲ್ಲ. ಅತ್ರ ತಗದು ಹೆಗಲ ಮ್ಯಾಲ ಹಾಕ್ಕೋ, ಆವತ್ತಿಗೆ ಅಷ್ಟೇ.

ಇನ್ನೊಂದು. ನಿನ್ನ ಕೂಸು ಬಸರಿನ 33 ವಾರಕ್ಕ ಹುಟ್ಟೇದ. ಹೀರೂದು, ನುಂಗೂದು, ಉಸಿರಾಡೂದು ಮೂರೂ ಕೂಡಿಸೂ ಜಾಣತನ ಬರೂದೇ 34ರ ಸುಮಾರಿಗೆ. ಈಗ ಲೆಕ್ಕಾ ಹಾಕಿದ್ರ 38, ಅಂದ್ರ ನಿನಗ ಡಾಕ್ಟರ್ ಕೊಟ್ಟ ತಾರೀಖೇ ಇನ್ನ ಬಂದಿಲ್ಲ. ಅವಸರ ಯಾರಿಗದ?

ಜೇನುತುಪ್ಪ, ಘುಟ್ಟಿ ಏನೂ ಬ್ಯಾಡ, ಮಾಲೀಶ್ ಬಾಯಿ ಏನೇ ಅನ್ಲಿ. ದಿನಕ್ಕ ಆರು ಲಂಗೋಟಿ ತೊಯ್ಯಬೇಕು, ಕಡಿಮಿ ಆದ್ರ ಡಾಕ್ಟರಿಗೆ ಫೋನ್ ಮಾಡು. ತೂಕಾ ವಾರಕ್ಕೊಮ್ಮೆ ಅದೇ ತಕ್ಕಡಿಯೊಳಗ ನೋಡಸು. ನಾಲಿಗಿ ಕೆಳಗಿನ ನರ ಬಿಗಿ ಅದ ಏನು ಅಂತನೂ ಕೇಳು. ಕುಡಿಯೂ ಮುಂದ ತುಟಿ ನೀಲಿ ಆತು, ಜ್ವರ ಬಂತು, ಎಬ್ಬಿಸಿದ್ರೂ ಏಳ್ಲಿಲ್ಲ ಅಂದ್ರ ಈ ಗ್ರೂಪಿನಾಗ ಕೇಳ್ಕೋತ ಕೂಡಬ್ಯಾಡ, ರಿಕ್ಷಾ ಹಿಡದು ನೆಟ್ಟಗ ದವಾಖಾನಿಗೆ ಹೋಗು. ಅಂಟಿನ ಉಂಡಿ ಶನಿವಾರ ನಿಮ್ಮ ಕಾಕಾನ ಕೈಯಾಗ ಕಳಸ್ತೀನಿ, ಡಬ್ಬಿ ತೊಳದು ವಾಪಸ್ ಕೊಡು.