ಅನುಭವ ಕೇಳುವವರ ಮುಂದೆ ಏನನ್ನು ಇಡಬೇಕು?

ಓದುಗರೊಬ್ಬರ ಪ್ರಶ್ನೆ ಹೀಗಿತ್ತು: ‘ನರ್ಸಿಂಗ್ ಮುಗಿಸಿ ಏಳು ತಿಂಗಳಾಯಿತು, ನೋಂದಣಿಯೂ ಆಗಿದೆ. ಮೂವತ್ತು ಕಡೆ ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕರೆದದ್ದು ನಾಲ್ಕೇ ಕಡೆ, ಅಲ್ಲೆಲ್ಲ “ಅನುಭವ ಇಲ್ಲವಲ್ಲ” ಎಂಬಲ್ಲಿಗೆ ಮಾತು ಮುಗಿಯಿತು. ನರ್ಸುಗಳ ಕೊರತೆ ಇದೆ ಎಂದು ಎಲ್ಲೆಲ್ಲೂ ಓದುತ್ತೇನೆ. ಹಾಗಿದ್ದರೆ ನನಗೇಕೆ ಕೆಲಸವಿಲ್ಲ?’

*

‘ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು’ ಎಂಬ ಗಾದೆ ಹೊಸ ನರ್ಸುಗಳಿಗೆಂದೇ ಹುಟ್ಟಿದಂತಿದೆ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ಲೆಕ್ಕಗಳು ಬೆರೆತಿವೆ. ವಿಶ್ವ ಆರೋಗ್ಯ ಸಂಸ್ಥೆಯ 2020ರ ವರದಿ ಪ್ರಕಾರ 2018ರಲ್ಲಿ ಜಗತ್ತಿನಲ್ಲಿದ್ದ ನರ್ಸುಗಳು 2.79 ಕೋಟಿ, ಕೊರತೆ 59 ಲಕ್ಷ. ಇದು ಜನರಿಗೆ ಎಷ್ಟು ನರ್ಸುಗಳು ಬೇಕು ಎಂಬ ಲೆಕ್ಕ. ಎಷ್ಟು ಹುದ್ದೆಗಳಿಗೆ ಸಂಬಳದ ಹಣ ಮಂಜೂರಾಗಿದೆ ಎಂಬುದು ಬೇರೆಯದೇ ಲೆಕ್ಕ. ಕೊರತೆಯೂ ನಿರುದ್ಯೋಗವೂ ಒಂದೇ ಊರಿನಲ್ಲಿ ಅಕ್ಕಪಕ್ಕ ಕೂತಿರುವುದು ಹೀಗೆ.

ಇನ್ನೊಂದು ಕಾರಣ ವಾರ್ಡಿನ ಒಳಗಿದೆ. ಹೊಸಬರನ್ನು ಮೊದಲ ಕೆಲವು ವಾರ ಪಾಳಿಯ ತಲೆಲೆಕ್ಕಕ್ಕೆ ಸೇರಿಸುವಂತಿಲ್ಲ, ಸೇರಿಸಬಾರದು ಕೂಡ. ಅವರ ಜೊತೆಗೆ ಒಬ್ಬ ಅನುಭವಿಯ ಸಮಯವೂ ಹೋಗುತ್ತದೆ. ಪಾಳಿಗೆ ಹತ್ತು ಜನರಿರುವ ಕಡೆ ಇದನ್ನು ನಿಭಾಯಿಸಬಹುದು, ಮೂವರೇ ಇದ್ದರೆ ಕೆಲಸ ಕುಸಿಯುತ್ತದೆ. ಹಾಗಾಗಿ ನರ್ಸುಗಳ ಅಗತ್ಯ ಅತಿ ಹೆಚ್ಚಿರುವ ಸಣ್ಣ ಆಸ್ಪತ್ರೆಯೇ ಹೊಸಬರನ್ನು ಬೇಡವೆನ್ನುತ್ತದೆ. ಖಾಲಿ ಹುದ್ದೆ ಎಲ್ಲಿದೆ ಎಂದು ಹುಡುಕುವುದಕ್ಕಿಂತ ಕಲಿಸುವ ತಾಕತ್ತು ಎಲ್ಲಿದೆ ಎಂದು ಹುಡುಕಿ: ಬೋಧನಾ ಆಸ್ಪತ್ರೆಗಳು, ಹೊಸಬರನ್ನು ಗುಂಪಾಗಿ ತೆಗೆದುಕೊಂಡು ತರಬೇತಿ ಕೊಡುವ ದೊಡ್ಡ ಆಸ್ಪತ್ರೆಗಳು, ಹೊಸ ವಾರ್ಡ್ ತೆರೆಯುತ್ತಿರುವ ಕಡೆಗಳು. ಗುಂಪು ನೇಮಕಾತಿಯಾದ ಎರಡು ಮೂರು ತಿಂಗಳಲ್ಲಿ ಕೆಲವರು ಬಿಟ್ಟುಹೋಗುವುದು ಸಾಮಾನ್ಯ. ಆ ಜಾಗಗಳಿಗೆ ಮತ್ತೆ ಜಾಹೀರಾತು ಬರದೇ ಹೋಗಬಹುದು, ಕೈಯಲ್ಲಿರುವ ಹಳೆಯ ಪಟ್ಟಿಯಿಂದಲೇ ತುಂಬಿಬಿಡುತ್ತಾರೆ. ಆದ್ದರಿಂದ ಒಮ್ಮೆ ‘ಇಲ್ಲ’ ಎಂದ ಜಾಗಕ್ಕೇ ಮೂರನೇ ತಿಂಗಳಲ್ಲಿ ಒಂದು ಪತ್ರ ಬರೆಯಿರಿ.

– ನರ್ಸಿಂಗ್ ಆಡಳಿತದ ಓದುಗರೊಬ್ಬರು

*

ಮೂವತ್ತು ಅರ್ಜಿಗೆ ನಾಲ್ಕೇ ಕರೆ ಎಂದರೆ ಮೊದಲ ತೊಡಕು ಸಂದರ್ಶನದಲ್ಲಿಲ್ಲ, ಕಾಗದದಲ್ಲಿದೆ. ಹೊಸಬರ ಬಯೋಡೇಟಾಗಳೆಲ್ಲ ಒಂದೇ ಅಚ್ಚಿನವು. ಮೇಲ್ಗಡೆ ‘ಪ್ರಾಮಾಣಿಕ, ಪರಿಶ್ರಮಿ’, ಅದರ ಕೆಳಗೆ ಅಂಕಪಟ್ಟಿ, ಕೊನೆಯಲ್ಲಿ ಹವ್ಯಾಸಗಳು. ಓದುವವರಿಗೆ ಬೇಕಾದದ್ದು ಇದ್ಯಾವುದೂ ಅಲ್ಲ.

ಎರಡು ಪುಟ ಸಾಕು. ಹೆಸರಿನ ಕೆಳಗೇ ನೋಂದಣಿ ಸಂಖ್ಯೆ ಮತ್ತು ಅದು ಯಾವ ದಿನದವರೆಗೆ ಚಾಲ್ತಿ ಎಂಬುದು ಬರಲಿ, ಆಮೇಲೆ ಯಾವ ಪಾಳಿಗೆ, ಯಾವ ದಿನದಿಂದ ಬರಬಲ್ಲಿರಿ ಎಂಬ ಒಂದು ಸಾಲು. ಅಲ್ಲಿಂದ ಮುಂದೆ ಮೊದಲ ಪುಟವೆಲ್ಲ ಓದುವಾಗ ವಾರ್ಡುಗಳಲ್ಲಿ ಮಾಡಿದ ತರಬೇತಿ ಕೆಲಸಕ್ಕೆ, ಅಂದರೆ ಕ್ಲಿನಿಕಲ್ ಪೋಸ್ಟಿಂಗ್‌ಗೆ. ‘ಮೆಡಿಕಲ್ ವಾರ್ಡ್‌ನಲ್ಲಿ ಕೆಲಸ ಮಾಡಿದ್ದೇನೆ’ ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ‘ಮೆಡಿಕಲ್ ವಾರ್ಡ್, 30 ಹಾಸಿಗೆ, 8 ವಾರ, ಕೊನೆಯ 3 ವಾರ ಮೇಲ್ವಿಚಾರಣೆಯಲ್ಲಿ ಪಾಳಿಗೆ 4 ರೋಗಿಗಳ ಪೂರ್ಣ ಆರೈಕೆ, 2 ವಾರ ರಾತ್ರಿ ಪಾಳಿ’ ಎಂದು ಬರೆದು ನೋಡಿ. ಎರಡೂ ಅದೇ ಪೋಸ್ಟಿಂಗ್, ಆದರೆ ಓದುವವರ ಕಣ್ಣಿಗೆ ಈಗ ಒಂದು ವಾರ್ಡ್ ಕಾಣುತ್ತದೆ.

ನಿಮ್ಮ ಲಾಗ್‌ಬುಕ್ ತೆಗೆದು ಪ್ರತಿಯೊಂದು ಪ್ರೊಸೀಜರನ್ನೂ ನಾಲ್ಕು ಕಾಲಂಗಳಿಗೆ ಹಂಚಿ: ನೋಡಿದ್ದು, ಸಹಾಯಕ್ಕೆ ನಿಂತದ್ದು, ಮೇಲ್ವಿಚಾರಣೆಯಲ್ಲಿ ಮಾಡಿದ್ದು, ಒಬ್ಬರೇ ಮಾಡಿದ್ದು. ಕ್ಯಾನುಲಾ (ರಕ್ತನಾಳಕ್ಕೆ ಹಾಕುವ ಸಣ್ಣ ಕೊಳವೆ), ಕ್ಯಾಥೆಟರ್ (ಮೂತ್ರದ ಕೊಳವೆ), ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸುವ ಕೊಳವೆ), ಸಕ್ಷನ್, ಗಾಯದ ಡ್ರೆಸ್ಸಿಂಗ್, ಇಸಿಜಿ, ರಕ್ತ ಏರಿಸುವಾಗಿನ ನಿಗಾ ಎಲ್ಲದರ ಮುಂದೂ ಸಂಖ್ಯೆ ಬರಲಿ. ಮೂರನೇ ಕಾಲಂನದನ್ನು ನಾಲ್ಕನೆಯದಕ್ಕೆ ತಳ್ಳುವ ಆಸೆ ಬೇಡ. ‘ಟ್ರೇಕಿಯಾಸ್ಟಮಿ ಸಕ್ಷನ್ ಒಬ್ಬರೇ ಮಾಡಿದ್ದು 10’ (ಗಂಟಲಿನ ರಂಧ್ರದ ಕೊಳವೆಯಿಂದ ಕಫ ಹೀರಿ ತೆಗೆಯುವುದು) ಎಂದು ಬರೆದರೆ, ‘ಒಂದು ಸಲಕ್ಕೆ ಎಷ್ಟು ಸೆಕೆಂಡ್?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ವಯಸ್ಕರಿಗೆ 10ರಿಂದ 15 ಸೆಕೆಂಡ್ ದಾಟಬಾರದು, ಕಫ ಹೀರುವ ಕ್ಯಾಥೆಟರ್ ಒಳಗೆ ಹೋಗುವಾಗ ಸಕ್ಷನ್ ಇರಬಾರದು, ಹೊರಗೆ ತೆಗೆಯುವಾಗ ಮಾತ್ರ ಎಂಬುದು ತಡವರಿಸದೆ ಬಾಯಿಗೆ ಬರಬೇಕು. ಇಲ್ಲಿ ತಡವರಿಸಿದರೆ ಉಳಿದ ಸಂಖ್ಯೆಗಳನ್ನೂ ಯಾರೂ ನಂಬುವುದಿಲ್ಲ. ‘ನೋಡಿದ್ದು 6, ಸಹಾಯ 3, ಮಾಡಿಲ್ಲ’ ಎಂಬ ಸಾಲು ದೌರ್ಬಲ್ಯವಲ್ಲ. ತನ್ನ ಮಿತಿ ಗೊತ್ತಿರುವ ಹೊಸಬರೇ ವಾರ್ಡಿಗೆ ಬೇಕಾದವರು.

ಲಾಗ್‌ಬುಕ್ಕಿನ ಪ್ರತಿ ಕೊಡುವ ಮುನ್ನ ರೋಗಿಗಳ ಹೆಸರು, ಆಸ್ಪತ್ರೆ ಸಂಖ್ಯೆ ಎಲ್ಲಾದರೂ ಉಳಿದಿವೆಯೇ ನೋಡಿ. ಉಳಿದಿದ್ದರೆ, ಗೋಪ್ಯತೆ ಕಾಯಲು ಬಾರದವರು ಎಂದು ನಿಮ್ಮ ಬಗ್ಗೆ ನೀವೇ ಸಾಕ್ಷಿ ಕೊಟ್ಟಂತೆ.

ಶಿಫಾರಸು ಪತ್ರಕ್ಕೆ ಪ್ರಾಂಶುಪಾಲರಿಗಿಂತ ಕೊನೆಯ ಪೋಸ್ಟಿಂಗ್‌ನ ಇನ್‌ಚಾರ್ಜ್ ನರ್ಸ್ ವಾಸಿ. ‘ಒಳ್ಳೆಯ ವಿದ್ಯಾರ್ಥಿ’ ಎಂಬ ಪತ್ರಕ್ಕೆ ತೂಕವಿಲ್ಲ. ಔಷಧ ಕೊಡುವ ಮುನ್ನ ಪರಿಶೀಲಿಸುವ ಶಿಸ್ತು, ಪಾಳಿ ಬದಲಾಗುವಾಗ ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್, ಸಮಯಪಾಲನೆ ಈ ಮೂರರ ಬಗ್ಗೆ ಒಂದೊಂದು ಸಾಲು ಬರೆದುಕೊಡಿ ಎಂದು ನೀವೇ ಕೇಳಿ. ಅವರಿಗೂ ಬರೆಯುವ ಕೆಲಸ ಹಗುರಾಗುತ್ತದೆ.

– ಕ್ಲಿನಿಕಲ್ ಬೋಧಕರೊಬ್ಬರು

*

ಸಂದರ್ಶನದ ಬಗ್ಗೆ ನಾಲ್ಕು ಮಾತು. ಅದರ ಜೊತೆಗಿನ ಲಿಖಿತ ಪರೀಕ್ಷೆಯಲ್ಲಿ ಹೊಸಬರು ಎಡವುವುದು ರೋಗಗಳ ಪ್ರಶ್ನೆಯಲ್ಲಲ್ಲ, ಲೆಕ್ಕದಲ್ಲಿ. 500 ಮಿ.ಲೀ. ಸಲೈನ್ 4 ಗಂಟೆಯಲ್ಲಿ ಹೋಗಬೇಕು, ಡ್ರಿಪ್ ಸೆಟ್ ಮಿ.ಲೀ.ಗೆ 20 ಹನಿಯದು. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ 41.7, ಅಂದರೆ ನಿಮಿಷಕ್ಕೆ 42 ಹನಿ. ಗಂಟೆಯನ್ನು ನಿಮಿಷಕ್ಕೆ ತಿರುಗಿಸಲು ಮರೆಯುವುದು ಒಂದು ತಪ್ಪು. ಸೆಟ್ಟಿನ ಪ್ಯಾಕೆಟ್ ಮೇಲೆ ಹನಿಯ ಸಂಖ್ಯೆ ಓದದೆ 15 ಎಂದೋ 20 ಎಂದೋ ಊಹಿಸಿಬಿಡುವುದು ಇನ್ನೊಂದು. 60 ಹನಿಯ ಮೈಕ್ರೊ ಸೆಟ್ ಆದರೆ ಲೆಕ್ಕವೇ ಬೇಡ, ಗಂಟೆಗೆ ಎಷ್ಟು ಮಿ.ಲೀ. ಆಗಬೇಕೋ ನಿಮಿಷಕ್ಕೆ ಅಷ್ಟೇ ಹನಿ.

ತೀವ್ರ ನಿಗಾ ಘಟಕಕ್ಕೆ ಅರ್ಜಿ ಹಾಕಿದ್ದರೆ ಇಂಥದ್ದೂ ಬರುತ್ತದೆ: ರೋಗಿಯ ತೂಕ 60 ಕೆ.ಜಿ., ಡೋಪಮಿನ್ (ರಕ್ತದೊತ್ತಡ ಏರಿಸುವ ಔಷಧ) ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 5 ಮೈಕ್ರೊಗ್ರಾಂ, 250 ಮಿ.ಲೀ.ಯಲ್ಲಿ 400 ಮಿ.ಗ್ರಾಂ. ಬೆರೆಸಿದೆ, ಪಂಪಿನ ವೇಗ ಎಷ್ಟು? ಒಂದು ಮಿ.ಲೀ.ಯಲ್ಲಿ 1600 ಮೈಕ್ರೊಗ್ರಾಂ ಇದೆ. ಗಂಟೆಗೆ ಬೇಕಾದದ್ದು 5×60×60, ಅಂದರೆ 18,000 ಮೈಕ್ರೊಗ್ರಾಂ. ಉತ್ತರ ಗಂಟೆಗೆ 11.25 ಮಿ.ಲೀ. ಮಿಲಿಗ್ರಾಂ–ಮೈಕ್ರೊಗ್ರಾಂ ಅದಲುಬದಲಾದರೆ ಸಾವಿರ ಪಟ್ಟು ವ್ಯತ್ಯಾಸವಾಗುತ್ತದೆ. ಬಂದ ಉತ್ತರ ನಂಬುವಂತಿದೆಯೇ ಎಂದು ಒಂದು ಕ್ಷಣ ನಿಂತು ನೋಡಿದರೆ ಇಂಥ ತಪ್ಪು ತಾನಾಗಿ ಕಣ್ಣಿಗೆ ಬೀಳುತ್ತದೆ. ಇನ್ಸುಲಿನ್ ಸಿರಿಂಜಿನ ಪ್ರಶ್ನೆಯೂ ಹಳೆಯದೇ. ಮಿ.ಲೀ.ಗೆ 100 ಯೂನಿಟ್ಟಿನ ಇನ್ಸುಲಿನ್ನನ್ನು ಮಿ.ಲೀ.ಗೆ 40 ಯೂನಿಟ್ ಎಂದು ಗೆರೆ ಹಾಕಿದ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಅರ್ಧ ಮಿ.ಲೀ. ಬರುತ್ತದೆ, ಅಂದರೆ 50 ಯೂನಿಟ್. ಕೊಡಬೇಕಾದ್ದಕ್ಕಿಂತ ಎರಡೂವರೆ ಪಟ್ಟು.

ಇನ್ನು ಸನ್ನಿವೇಶದ ಪ್ರಶ್ನೆ. ‘ಶಸ್ತ್ರಚಿಕಿತ್ಸೆಯಾಗಿ ಎರಡು ಗಂಟೆ. ನಾಡಿ 88ರಿಂದ 124ಕ್ಕೆ ಏರಿದೆ, ಮೇಲಿನ ರಕ್ತದೊತ್ತಡ 118ರಿಂದ 92ಕ್ಕೆ ಇಳಿದಿದೆ. ಏನು ಮಾಡುತ್ತೀರಿ?’ ‘ಡಾಕ್ಟರಿಗೆ ತಿಳಿಸುತ್ತೇನೆ’ ಎಂದು ನಿಲ್ಲಿಸಿದರೆ ಅರ್ಧ ಅಂಕವೂ ಕಷ್ಟ. ಕೇಳುವವರಿಗೆ ಬೇಕಾಗಿರುವುದು ಕ್ರಮ. ರೋಗಿಯ ಬಳಿಯೇ ನಿಂತು ಸಹಾಯಕ್ಕೆ ಕೂಗುವುದು, ಶ್ವಾಸಮಾರ್ಗ, ಉಸಿರಾಟ, ಆಮ್ಲಜನಕದ ಮಟ್ಟ ನೋಡುವುದು. ಡ್ರೆಸ್ಸಿಂಗ್ ಮತ್ತು ಡ್ರೇನ್ (ಗಾಯದಿಂದ ದ್ರವ ಹೊರಬಿಡುವ ಕೊಳವೆ) ನೋಡಬೇಕು, ರೋಗಿಯ ಬೆನ್ನ ಕೆಳಗೂ ಕೈಹಾಕಿ ನೋಡಬೇಕು, ಏಕೆಂದರೆ ರಕ್ತ ಕೆಳಗೆ ಹರಿದು ಹಾಸಿಗೆಯಲ್ಲಿ ಅಡಗಿರುತ್ತದೆ. ಆಮೇಲೆ ಕ್ಯಾನುಲಾ ಓಡುತ್ತಿದೆಯೇ, ಮೂತ್ರ ಎಷ್ಟು ಬಂದಿದೆ. ವೈದ್ಯರಿಗೆ ಫೋನಿನಲ್ಲಿ ಹೇಳುವುದು ನಾಲ್ಕೇ ತುಂಡು: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನಗೆ ಬೇಕಾದದ್ದು. ಕೊನೆಯ ತುಂಡನ್ನೇ ಹೊಸಬರು ಬಿಡುತ್ತಾರೆ. ‘ಈಗಲೇ ಬಂದು ನೋಡಬೇಕು’ ಎಂದು ಬಾಯಿಬಿಟ್ಟು ಹೇಳದಿದ್ದರೆ ಆ ಕಡೆಯಿಂದ ‘ಸರಿ, ಗಮನಿಸುತ್ತಿರಿ’ ಎಂಬ ಉತ್ತರ ಬಂದು ಮಾತು ಮುಗಿದುಹೋಗುತ್ತದೆ. ಅಮೆರಿಕ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಹುಟ್ಟಿದ ಈ ಪದ್ಧತಿ ಆಸ್ಪತ್ರೆಗೆ ಬಂದದ್ದೇ ಈ ಕಾರಣಕ್ಕೆ.

‘ಅನುಭವ ಇಲ್ಲವಲ್ಲ’ ಎಂದಾಗ ತಲೆ ತಗ್ಗಿಸಬೇಡಿ, ವಾದಕ್ಕೂ ಇಳಿಯಬೇಡಿ. ‘ಒಬ್ಬರೇ ಮಾಡಬಲ್ಲವು ಇವು, ಜೊತೆಗೆ ಯಾರಾದರೂ ಬೇಕಾದವು ಇವು’ ಎಂದು ಆ ನಾಲ್ಕು ಕಾಲಂನ ಹಾಳೆಯನ್ನು ಮುಂದಿಡಿ.

– ಶಸ್ತ್ರಚಿಕಿತ್ಸಾ ವಾರ್ಡಿನ ಇನ್‌ಚಾರ್ಜ್ ಒಬ್ಬರು

*

‘ಮೊದಲು ಎರಡು ವರ್ಷ ಜನರಲ್ ವಾರ್ಡ್, ಆಮೇಲೆ ಉಳಿದದ್ದು’ ಎಂಬ ಬುದ್ಧಿಮಾತನ್ನು ನಿಮಗೂ ಯಾರಾದರೂ ಹೇಳಿಯೇ ಇರುತ್ತಾರೆ. ಅದು ಪೂರ್ತಿ ಸುಳ್ಳಲ್ಲ. ಐದಾರು ರೋಗಿಗಳ ನಡುವೆ ಯಾವ ಕೆಲಸ ಮೊದಲು ಎಂದು ಆರಿಸುವುದನ್ನು ಜನರಲ್ ವಾರ್ಡಿನಷ್ಟು ಚೆನ್ನಾಗಿ ಇನ್ನೆಲ್ಲೂ ಕಲಿಯಲಾಗದು. ಆದರೆ ಕೆಲಸವೇ ಸಿಗದೆ ತಿಂಗಳುಗಳು ಕಳೆಯುತ್ತಿರುವಾಗ ಅದನ್ನೇ ಹಟವಾಗಿ ಹಿಡಿಯಬಾರದು. ಡಯಾಲಿಸಿಸ್ ಕೇಂದ್ರ, ವೃದ್ಧರ ದೀರ್ಘಾವಧಿ ಆರೈಕೆ, ಮನೆ ಆರೈಕೆ, ಪುನಶ್ಚೇತನ ಕೇಂದ್ರ ಎಲ್ಲವೂ ನರ್ಸಿಂಗ್ ಅನುಭವವೇ. ಮನೆ ಆರೈಕೆಯ ಬಗ್ಗೆ ಮಾತ್ರ ಒಂದು ಎಚ್ಚರಿಕೆ: ಅಲ್ಲಿ ತಿದ್ದಲು ಪಕ್ಕದಲ್ಲಿ ಹಿರಿಯರು ಇರುವುದಿಲ್ಲ. ಮೊಟ್ಟಮೊದಲ ಕೆಲಸವಾಗಿ ವೆಂಟಿಲೇಟರ್ ರೋಗಿಯ ಮನೆ ಬೇಡ. ಹುದ್ದೆಯ ಹೆಸರಿನಲ್ಲಿ ‘ನರ್ಸ್’ ಇದೆಯೇ ಎಂದೂ ನೋಡಿಕೊಳ್ಳಿ. ‘ಸಹಾಯಕ’ ಎಂಬ ಹೆಸರಿನಲ್ಲಿ ಕಳೆದ ಒಂದು ವರ್ಷವನ್ನು ಮುಂದಿನ ಆಸ್ಪತ್ರೆ ಸೊನ್ನೆ ಎಂದೇ ಎಣಿಸಬಹುದು.

– ಡಯಾಲಿಸಿಸ್ ವಿಭಾಗದ ಓದುಗರೊಬ್ಬರು

*

ಕೆಲಸ ಸಿಕ್ಕ ಖುಷಿಯಲ್ಲಿ ಓದದೆ ಸಹಿ ಹಾಕುವವರೇ ಹೆಚ್ಚು. ಮೂಲ ಪ್ರಮಾಣಪತ್ರಗಳನ್ನು ತೋರಿಸಿ, ದೃಢೀಕರಿಸಿದ ಪ್ರತಿ ಕೊಡಿ, ಮೂಲವನ್ನು ಒತ್ತೆ ಇಡಬೇಡಿ. ಬಾಂಡ್, ಅಂದರೆ ಇಂತಿಷ್ಟು ಕಾಲ ಕೆಲಸ ಬಿಡುವುದಿಲ್ಲ ಎಂಬ ಕರಾರು, ಇದ್ದರೆ ಅವಧಿ ಎಷ್ಟು, ಮಧ್ಯದಲ್ಲಿ ಬಿಟ್ಟರೆ ಕಟ್ಟಬೇಕಾದದ್ದೆಷ್ಟು, ಕೆಲಸ ಮಾಡಿದಷ್ಟು ತಿಂಗಳಿಗೆ ತಕ್ಕಂತೆ ಆ ಮೊತ್ತ ಇಳಿಯುತ್ತದೆಯೇ ಎಂಬುದು ಬರಹದಲ್ಲಿರಲಿ. ಸಂಬಳಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಮೂರು: ಓರಿಯೆಂಟೇಶನ್ (ಆರಂಭದ ತರಬೇತಿ) ಎಷ್ಟು ವಾರ, ಆ ವಾರಗಳಲ್ಲಿ ನನ್ನನ್ನು ಪಾಳಿಯ ಲೆಕ್ಕಕ್ಕೆ ಹಿಡಿಯುತ್ತೀರಾ, ರಾತ್ರಿ ಪಾಳಿಯಲ್ಲಿ ಒಬ್ಬರಿಗೆ ಎಷ್ಟು ರೋಗಿಗಳು. ಇವಕ್ಕೆ ನುಣುಚಿಕೊಳ್ಳುವ ಉತ್ತರ ಬಂದರೆ ಅದೇ ಉತ್ತರ.

ಕೆಲಸ ಕೊಡಿಸಲು ಮುಂಗಡ ಕೇಳುವ ಏಜೆಂಟರಿಂದ ದೂರವಿರಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಡಂಬಡಿಕೆಯ ಮೂಲ ನಿಯಮವೇ, ಖಾಸಗಿ ಉದ್ಯೋಗ ಏಜೆನ್ಸಿಗಳು ಕೆಲಸ ಹುಡುಕುವವರಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಶುಲ್ಕ ಪಡೆಯಬಾರದು ಎಂಬುದು. ಎಲ್ಲ ದೇಶಗಳೂ ಅದನ್ನು ಒಪ್ಪಿಲ್ಲ. ಆದರೂ ಅಳತೆಗೋಲಾಗಿ ಇಟ್ಟುಕೊಳ್ಳಲು ಅಡ್ಡಿಯಿಲ್ಲ.

– ಕಾರ್ಮಿಕ ವಿಷಯಗಳ ಓದುಗರೊಬ್ಬರು

*

ಖಾಲಿ ತಿಂಗಳುಗಳಲ್ಲಿ ಎರಡು ಸಣ್ಣ ಕೆಲಸಗಳನ್ನು ಮುಗಿಸಿಕೊಳ್ಳಿ. ಹೆಪಟೈಟಿಸ್ ಬಿ ಲಸಿಕೆ 0, 1, 6 ತಿಂಗಳ ಕ್ರಮದ್ದು, ಕೆಲಸ ಸಿಕ್ಕ ಮೇಲೆ ಶುರುಮಾಡಿದರೆ ಮೊದಲ ಆರು ತಿಂಗಳು ಪೂರ್ಣ ರಕ್ಷಣೆ ಇಲ್ಲದೆ ಸೂಜಿ ಹಿಡಿಯಬೇಕಾಗುತ್ತದೆ. ಕೊನೆಯ ಡೋಸಾಗಿ 1–2 ತಿಂಗಳಿಗೆ ಆ್ಯಂಟಿಬಾಡಿ ಪರೀಕ್ಷೆ ಮಾಡಿಸಿ, ಮಿ.ಲೀ.ಗೆ 10 ಮಿಲಿ ಅಂತರರಾಷ್ಟ್ರೀಯ ಯೂನಿಟ್ (mIU) ಅಥವಾ ಹೆಚ್ಚು ಬಂದರೆ ಆ ವರದಿಯನ್ನು ಅರ್ಜಿಯ ಜೊತೆಗೇ ಇಡಿ. ಎರಡನೆಯದು ಹೃದಯ ಪುನಶ್ಚೇತನ, ಅಂದರೆ ಸಿಪಿಆರ್. ತರಬೇತಿ ಕಾರ್ಡಿನ ಅವಧಿ ಎರಡು ವರ್ಷವಿದ್ದರೂ ಕೈಯ ಅಭ್ಯಾಸ ಕೆಲವೇ ತಿಂಗಳಲ್ಲಿ ಮಾಸುತ್ತದೆ. ನಿಮಿಷಕ್ಕೆ 100ರಿಂದ 120 ಒತ್ತು, 5ರಿಂದ 6 ಸೆಂ.ಮೀ. ಆಳ, 30ಕ್ಕೆ 2 ಉಸಿರು. ಎಲ್ಲರಿಗೂ ಬಾಯಿಪಾಠ ಬರುತ್ತದೆ, ಆದರೆ ಮ್ಯಾನಿಕಿನ್ (ತರಬೇತಿಯ ಗೊಂಬೆ) ಮುಂದೆ ನಿಲ್ಲಿಸಿದಾಗ ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೇಳಲು ಬಿಡುವುದನ್ನೇ ಮರೆತಿರುತ್ತಾರೆ. ಓದಿದ ಕಾಲೇಜಿನ ಸ್ಕಿಲ್ ಲ್ಯಾಬನ್ನು ತಿಂಗಳಿಗೊಮ್ಮೆ ಒಂದು ಗಂಟೆ ಕೇಳಿ ನೋಡಿ. ಹೋದ ದಿನಾಂಕ ಬರೆದಿಟ್ಟುಕೊಳ್ಳಿ, ‘ಈ ಏಳು ತಿಂಗಳು ಏನು ಮಾಡಿದಿರಿ’ ಎಂದಾಗ ಬೇಕಾಗುತ್ತದೆ.

– ತುರ್ತು ಚಿಕಿತ್ಸಾ ತರಬೇತುದಾರರೊಬ್ಬರು