ಹ್ಯಾಂಡ್‌ಮೇಡ್ ಕಾಗದದಲ್ಲಿ ಬ್ರಷ್ ಮಾರ್ಕರ್ ಶಾಯಿ ಹರಡುತ್ತಿದೆ, ಒತ್ತಕ್ಷರ ಮುಚ್ಚಿಹೋಗುತ್ತಿದೆ

ಪ್ರಶ್ನೆ
ನಮಸ್ಕಾರ. ಅಜ್ಜಿಯ ಹಳೆಯ ಫೋಟೋಗಳನ್ನು ಸೇರಿಸಿ ಸ್ಕ್ರ್ಯಾಪ್‌ಬುಕ್ ಮಾಡುತ್ತಿದ್ದೇನೆ. ಪುಟಗಳು ದಪ್ಪನೆಯ ಹ್ಯಾಂಡ್‌ಮೇಡ್ ಕಾಗದದವು. ‘ಅಜ್ಜಿಯ ಅಡುಗೆಮನೆ’ ಎಂದು ತಲೆಬರಹ ಬರೆದರೆ ಅಕ್ಷರದ ಅಂಚಿನಿಂದ ಶಾಯಿ ಎಳೆ ಎಳೆಯಾಗಿ ಹರಡುತ್ತದೆ. ‘ಜ್ಜಿ’ಯ ಒತ್ತು ಮುದ್ದೆಯಾಗುತ್ತದೆ. ಮಾರ್ಕರ್‌ನ ತುದಿಯೂ ಬಿರಿಯತೊಡಗಿದೆ. ಮಾರ್ಕರ್ ನೀರಿನ ಶಾಯಿಯದು, ಎರಡು ತುದಿಯದು: ಒಂದು ಬ್ರಷ್‌ನಂತೆ ಬಾಗುವ ದಪ್ಪ ತುದಿ, ಇನ್ನೊಂದು ಸಣ್ಣದು. ಬೇರೆ ಪೆನ್ನು ಕೊಳ್ಳಬೇಕೇ?

ಉತ್ತರ
ಪೆನ್ನಿಗಿಂತ ಮೊದಲು ಕಾಗದವನ್ನು ನೋಡಿ. ಬರೆಯುವ ಕಾಗದಕ್ಕೆ ಗಂಜಿಯಂಥ ಪದಾರ್ಥ ಸೇರಿಸಿರುತ್ತಾರೆ; ಶಾಯಿ ಒಳಗಿಳಿಯದಂತೆ ಅದು ತಡೆಯುತ್ತದೆ. ಅನೇಕ ಹ್ಯಾಂಡ್‌ಮೇಡ್ ಕಾಗದಗಳಲ್ಲಿ ಅದು ಕಡಿಮೆ. ಹಾಗಾಗಿ ಶಾಯಿ ನಾರಿನ ಗುಂಟ ಓಡುತ್ತದೆ. ಒಂದು ಚೂರಿನ ಮೇಲೆ ತುದಿಯನ್ನು ಎರಡು ಸೆಕೆಂಡು ಊರಿ ಎತ್ತಿ. ಚುಕ್ಕೆ ದುಂಡಗೆ ನಿಂತರೆ ಬರೆಯಬಹುದು. ಸುತ್ತ ಕಾಲುಗಳು ಮೂಡಿದರೆ ಆ ಕಾಗದವನ್ನು ಹಿನ್ನೆಲೆಗೆ ಮಾತ್ರ ಇಟ್ಟುಕೊಳ್ಳಿ. ತಲೆಬರಹವನ್ನು ನುಣುಪಾದ, 200 ಜಿಎಸ್ಎಮ್ (ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂಗಳಲ್ಲಿ) ಆಸುಪಾಸಿನ ಕಾರ್ಡ್‌ಸ್ಟಾಕ್, ಅಂದರೆ ದಪ್ಪ ಕಾರ್ಡ್ ಕಾಗದದ ಮೇಲೆ ಬರೆದು, ಕತ್ತರಿಸಿ ಅಂಟಿಸಿ.

ತುದಿ ಬಿರಿಯುವುದಕ್ಕೂ ಆ ಒರಟು ನಾರೇ ಮುಖ್ಯ ಕಾರಣ. ಪೆನ್ನನ್ನು ನೆಟ್ಟಗೆ ಹಿಡಿದು ಮೇಲಕ್ಕೆ ತಳ್ಳಿದರೂ ಹೀಗಾಗುತ್ತದೆ. ಸುಮಾರು 45 ಡಿಗ್ರಿ ಓರೆಯಾಗಿ ಹಿಡಿಯಿರಿ.

ಕನ್ನಡ ಅಕ್ಷರ ಬರೆಯುವಾಗ ಇನ್ನೊಂದು ವಿಷಯವಿದೆ, ಇದನ್ನು ನಾನು ಬಹಳ ಮುಖ್ಯವೆಂದು ಎಣಿಸುತ್ತೇನೆ. ಇಂಗ್ಲಿಷ್ ಅಭ್ಯಾಸ ಹಾಳೆಗಳಲ್ಲಿ ಉದ್ದ ನೇರ ಗೆರೆಗಳೇ ಹೆಚ್ಚು; ನಮ್ಮ ಅಕ್ಷರಗಳು ಸುತ್ತು ಹೊಡೆಯುತ್ತವೆ. ‘ಡ’ ಬರೆಯುವಾಗ ಎಡಬದಿಯಲ್ಲಿ ಇಳಿಯುತ್ತಾ ಒತ್ತಿ, ಬುಡದ ತಿರುವಿಗೆ ಮುನ್ನವೇ ಒತ್ತಡ ಬಿಡಿ, ಬಲಬದಿಯಲ್ಲಿ ಏರುವಾಗ ತುದಿ ಕಾಗದವನ್ನು ಸವರಿದರೆ ಸಾಕು. ತಲೆಕಟ್ಟಿಗೆ ಪೆನ್ನೆತ್ತಿ ಬೇರೆಯಾಗಿ ಗೆರೆ ಎಳೆಯಿರಿ. ಒಂದೇ ಎಳೆತದಲ್ಲಿ ಅಕ್ಷರ ಮುಗಿಸುವ ಹಟ ಬೇಡ.

ಒತ್ತಕ್ಷರವನ್ನು ದಪ್ಪ ತುದಿಯಿಂದ ಬರೆಯಲೇಬೇಡಿ. ನಿಮ್ಮ ಮಾರ್ಕರ್‌ನ ಸಣ್ಣ ತುದಿ ಅದಕ್ಕೇ ಇದೆ. ಇಳಿಗೆರೆ ದಪ್ಪ ಬೇಕೆನಿಸಿದರೆ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದು ನಡುವೆ ತುಂಬಿ. ಸಾಲುಗಳ ನಡುವೆ ಒತ್ತಿಗೆಂದೇ ಜಾಗ ಬಿಟ್ಟು ಪೆನ್ಸಿಲ್‌ನಲ್ಲಿ ಗೆರೆ ಹಾಕಿಕೊಳ್ಳಿ.

ಮತ್ತೊಂದು ಉತ್ತರ
ಕಾಗದದ ಮಾತು ಸರಿ. ಆದರೆ ಇದು ಅಜ್ಜಿಯ ಪುಟ, ಮೊಮ್ಮಕ್ಕಳೂ ನೋಡಬೇಕಾದದ್ದು, ಹಾಗಾಗಿ ಪೆನ್ನನ್ನೂ ಬದಲಿಸಿ ಎನ್ನುತ್ತೇನೆ. ಟಾಂಬೋ ಡ್ಯುಯಲ್ ಬ್ರಷ್‌ನಂಥ ಮಾರ್ಕರ್‌ಗಳಲ್ಲಿ ಇರುವುದು ಡೈ ಶಾಯಿ, ಅಂದರೆ ನೀರಿನಲ್ಲಿ ಕರಗುವ ಬಣ್ಣದ ಶಾಯಿ. ಬಣ್ಣ ಬೆರೆಸಲು ಅದು ಸೊಗಸು, ಆದರೆ ಬೆಳಕಿಗೆ ಮಾಸುತ್ತದೆ, ತೇವ ತಗುಲಿದರೆ ಮತ್ತೆ ಕರಗುತ್ತದೆ. ಫೇಬರ್ ಕ್ಯಾಸ್ಟೆಲ್ ಪಿಟ್ ಬ್ರಷ್ ಪೆನ್ನಿನದು ಪಿಗ್ಮೆಂಟ್ ಶಾಯಿ, ಅಂದರೆ ಕರಗದ ಬಣ್ಣದ ನುಣ್ಣನೆಯ ಕಣಗಳಿರುವ ಶಾಯಿ. ಒಣಗಿದ ಮೇಲೆ ನೀರಿಗೆ ಜಗ್ಗುವುದಿಲ್ಲ. ಸಣ್ಣ ಅಕ್ಷರಕ್ಕೆ ಟಾಂಬೋ ಫುಡೆನೊಸುಕೆ ಎಂಬ ಸಣ್ಣ ಬ್ರಷ್ ಪೆನ್ನಿನ ಗಟ್ಟಿ ತುದಿ ಹಿಡಿತಕ್ಕೆ ಬೇಗ ಸಿಗುತ್ತದೆ.

ಪ್ರಶ್ನೆ ಕೇಳಿದವರು
ಚುಕ್ಕೆ ಪರೀಕ್ಷೆಯಲ್ಲಿ ನನ್ನ ಕಾಗದಕ್ಕೆ ಕಾಲುಗಳು ಮೂಡಿದವು. ಕಾರ್ಡ್‌ಸ್ಟಾಕ್ ಮೇಲೆ ಅಂಚು ಚೊಕ್ಕವಾಗಿ ಬಂತು, ಒತ್ತು ಓದುವಂತಾಯಿತು. ಪೆನ್ಸಿಲ್ ಗೆರೆ ಅಳಿಸುವಾಗ ಮಾತ್ರ ಶಾಯಿ ಎಳೆದುಕೊಂಡಿತು. ಅಂಟಿಸಲು ಗೋಂದು ಆದೀತೇ?

ಉತ್ತರ
ಗೋಂದು ಬೇಡ, ಅದರ ತೇವಕ್ಕೆ ಕಾಗದ ಸುಕ್ಕಾಗುತ್ತದೆ, ಡೈ ಶಾಯಿ ಕದಡುತ್ತದೆ. ಆಮ್ಲರಹಿತ ಡಬಲ್ ಸೈಡ್ ಟೇಪ್ ಬಳಸಿ. ಅಳಿಸುವ ಮುನ್ನ ಒಂದು ರಾತ್ರಿ ಒಣಗಲು ಬಿಡಿ, ಮಳೆಗಾಲವಾದರೆ ಇನ್ನೂ ಒಂದು ದಿನ.