ಸಾವಿನ ಭಯವಿದ್ದವರು ಸೇನೆಗೆ ಸೇರಬಹುದೇ? ನಿವೃತ್ತ ಸೇನಾಧಿಕಾರಿಯೊಡನೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ನಾನು ಪೊನ್ನಂಪೇಟೆ ಕಡೆಯ ಹಳ್ಳಿಯವನು. ಗೋಣಿಕೊಪ್ಪದಲ್ಲಿ ಬಿ.ಕಾಂ. ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ, ವಯಸ್ಸು 20. ಅಜ್ಜ 1971ರ ಯುದ್ಧದಲ್ಲಿ ಹೋರಾಡಿದವರು, ಅಪ್ಪ ಹವಾಲ್ದಾರರಾಗಿ ನಿವೃತ್ತರಾದವರು. ಚಿಕ್ಕಂದಿನಿಂದಲೂ ನಾನು ಸೇನೆಗೆ ಹೋಗುವವನೆಂದೇ ಮನೆಯಲ್ಲಿ ಮಾತಾಗಿತ್ತು, ನನಗೂ ಅದರಲ್ಲಿ ಆಸೆಯಿತ್ತು. ಆದರೆ ಕರ್ತವ್ಯದಲ್ಲಿ ಪ್ರಾಣ ಬಿಟ್ಟ ಯೋಧರೊಬ್ಬರ ಅಂತ್ಯಕ್ರಿಯೆಗೆ ಹೋಗಿ ಬಂದ ಮೇಲೆ ರಾತ್ರಿ ಎಚ್ಚರವಾದಾಗಲೆಲ್ಲ ಸಾವಿನದೇ ಯೋಚನೆ ಬರುತ್ತಿದೆ. ಕೊಡವರ ಆಯುಧಪೂಜೆಯ ಹಬ್ಬವಾದ ಕಳೆದ ಕೈಲ್‌ಪೊಳ್ದ್ ದಿನ ಕೋವಿಗಳಿಗೆ ತೋಕ್‌ಪೂ ಹೂವಿಟ್ಟು ಪೂಜೆ ಮಾಡುತ್ತಿದ್ದಾಗ ನೆಂಟರೆಲ್ಲ ‘ಸೇನಾ ಭರ್ತಿ ರ‍್ಯಾಲಿಗೆ ಯಾವಾಗ ಹೋಗುತ್ತೀಯ’ ಎಂದು ಕೇಳಿದರು, ನನ್ನಿಂದ ಉತ್ತರ ಹೊರಡಲಿಲ್ಲ. ನಾಲ್ಕು ವರ್ಷ ಸೇವೆಯ ಅಗ್ನಿವೀರ ಭರ್ತಿಗೆ ವಯಸ್ಸಿನ ಮಿತಿ ಹತ್ತಿರವಾಗುತ್ತಿರುವುದರಿಂದ ಬೇಗ ತೀರ್ಮಾನಿಸಬೇಕಾಗಿದೆ. ಇಷ್ಟು ಭಯವಿರುವವನು ಸೇನೆಗೆ ಸೇರುವುದು ಸರಿಯೇ?

ಉತ್ತರ: ಸಾವಿನ ಭಯ ಸೇನೆಗೆ ಅನರ್ಹತೆಯಲ್ಲ ಎಂಬುದನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಾನು ಪದಾತಿ ದಳದಲ್ಲಿದ್ದವನು. ತನಗೆ ಭಯವೇ ಇಲ್ಲವೆಂದು ಹೇಳಿಕೊಳ್ಳುವವನನ್ನು ಗಸ್ತಿಗೆ ಕರೆದೊಯ್ಯಲು ನಮ್ಮ ಹಿರಿಯ ಹವಾಲ್ದಾರರು ಹಿಂಜರಿಯುತ್ತಿದ್ದರು. ಅಂಥವನು ಎಚ್ಚರ ತಪ್ಪುತ್ತಾನೆ, ತನ್ನ ಜೊತೆಗೆ ಇನ್ನೊಬ್ಬನ ಪ್ರಾಣಕ್ಕೂ ಕುತ್ತು ತರುತ್ತಾನೆ ಎಂಬುದು ಅವರ ಅನುಭವವಾಗಿತ್ತು.

ನನ್ನ ಮೊದಲ ರಾತ್ರಿ ಗಸ್ತಿಗೆ ಹೊರಡುವ ಮುನ್ನ ನಾಲಿಗೆ ಒಣಗಿ ಅಂಗುಳಿಗೆ ಅಂಟಿತ್ತು, ಹೆಲ್ಮೆಟ್ಟಿನ ಪಟ್ಟಿ ಬಿಗಿಯಲು ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಹವಾಲ್ದಾರರು ಅದನ್ನು ಗಮನಿಸಿದರು, ಆದರೆ ಧೈರ್ಯದ ಮಾತೊಂದನ್ನೂ ಆಡಲಿಲ್ಲ. ಪ್ರತಿಯೊಬ್ಬ ಜವಾನನ ಗುಂಡು ತುಂಬುವ ಮ್ಯಾಗಜೀನ್, ನೀರಿನ ಬಾಟಲಿ, ಗಾಯಕ್ಕೆ ಕಟ್ಟುವ ಪಟ್ಟಿ ಇವನ್ನೆಲ್ಲ ಕೈಯಿಂದ ಮುಟ್ಟಿ ನೋಡಿ ಬನ್ನಿ ಸಾಬ್ ಎಂದಷ್ಟೇ ಹೇಳಿದರು. ಸಾಲಿನ ಕೊನೆಯ ಜವಾನನ ಬಳಿ ತಲುಪುವ ಹೊತ್ತಿಗೆ ಬೆರಳುಗಳು ಹಿಡಿತಕ್ಕೆ ಬಂದಿದ್ದವು. ಭಯ ಹಾಗೆಯೇ ಇತ್ತು, ಆದರೆ ಮಾಡಬೇಕಾದ ಕೆಲಸ ಅದಕ್ಕಿಂತ ಮುಂದೆ ಬಂದಿತ್ತು. ತಿಂಗಳುಗಟ್ಟಲೆ ನಡೆಯುವ ತರಬೇತಿಯ ಉದ್ದೇಶವೂ ಬಹುಮಟ್ಟಿಗೆ ಇದೇ ಆಗಿದೆ.

ಅಪಾಯವನ್ನು ಮಾತ್ರ ಮುಚ್ಚಿಡಲಾರೆ. ಕಾರ್ಗಿಲ್ ಯುದ್ಧದಲ್ಲಿ ನಮ್ಮ 527 ಯೋಧರು ಪ್ರಾಣ ತೆತ್ತರು. 2020ರ ಜೂನ್ 15ರ ರಾತ್ರಿ ಗಲ್ವಾನ್‌ನಲ್ಲಿ 20 ಮಂದಿಯನ್ನು ಕಳೆದುಕೊಂಡೆವು. ಶತ್ರುವಿನ ಗುಂಡೊಂದೇ ಕಾರಣವಾಗಬೇಕೆಂದೂ ಇಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನಲ್ಲಿ ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ಅವರಲ್ಲಿ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನಗಳ ನಂತರ ಜೀವಂತವಾಗಿ ಸಿಕ್ಕರೂ ದೆಹಲಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದದ್ದು ನಿಮಗೂ ನೆನಪಿರಬಹುದು. ಇವುಗಳ ಜೊತೆಗೆ ಇನ್ನೊಂದು ಸಂಗತಿಯನ್ನೂ ಇಟ್ಟು ನೋಡಬೇಕು. ಸುಮಾರು ಹನ್ನೆರಡು ಲಕ್ಷ ಮಂದಿಯಿರುವ ಭೂಸೇನೆಯಲ್ಲಿ ಬಹುಪಾಲು ಜನ ಸೇವೆ ಮುಗಿಸಿ ಮನೆಗೆ ಮರಳುತ್ತಾರೆ. ಬರ್ಮಾದ ಯುದ್ಧರಂಗವನ್ನೂ 1948ರ ಜೋಜಿಲಾ ಕಾರ್ಯಾಚರಣೆಯನ್ನೂ ಕಂಡು ಬಂದ ನಮ್ಮ ಜನರಲ್ ತಿಮ್ಮಯ್ಯನವರು 1965ರ ಡಿಸೆಂಬರಿನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯನ್ನು ಮುನ್ನಡೆಸುತ್ತಿದ್ದಾಗ ಹೃದಯಾಘಾತದಿಂದ ತೀರಿಕೊಂಡರು.

ಆದ್ದರಿಂದ ನೀವು ಕೇಳಿಕೊಳ್ಳಬೇಕಾದದ್ದು ಈ ಅಪಾಯವನ್ನು ಒಪ್ಪಿಕೊಳ್ಳಲು ನಿಮ್ಮದೇ ಆದ ಕಾರಣವೊಂದು ಇದೆಯೇ ಎಂದು. ಸಮವಸ್ತ್ರ ತೊಟ್ಟ ಮೇಲೆ ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ. ಸಂಪರ್ಕ ನೋಡಿಕೊಳ್ಳುವ ಸಿಗ್ನಲ್ಸ್, ಯಂತ್ರಗಳ ದುರಸ್ತಿ ಮಾಡುವ ಇಎಂಇ, ಸರಬರಾಜು ದಳಗಳಲ್ಲಿ ಶತ್ರುವಿನ ಎದುರು ನಿಲ್ಲುವ ಸಂದರ್ಭ ಕಡಿಮೆಯಾದರೂ ಅವರೂ ಶಸ್ತ್ರಧಾರಿ ಸೈನಿಕರೇ. ಸುರಕ್ಷಿತ ಜಾಗ ಸಿಗುತ್ತದೆಂಬ ಲೆಕ್ಕಾಚಾರದ ಮೇಲೆ ಸೇರುವುದು ತರವಲ್ಲ. ಸಾಯುವ ವಿಚಾರವಷ್ಟೇ ಅಲ್ಲ, ಆದೇಶ ಬಂದರೆ ಇನ್ನೊಬ್ಬನ ಪ್ರಾಣ ತೆಗೆಯಬೇಕಾಗುತ್ತದೆ ಎಂಬುದನ್ನೂ ಈಗಲೇ ಯೋಚಿಸಿ. ಯುವಕರು ಈ ಪ್ರಶ್ನೆಯನ್ನು ನನ್ನಲ್ಲಿ ಕೇಳುವುದೇ ಇಲ್ಲ, ಅದು ನನಗೆ ಚಿಂತೆಯ ವಿಷಯ.

ಕೊಡಗಿನಲ್ಲಿ ಹುಟ್ಟಿದವರ ಮೇಲಿರುವ ಭಾರ ನನಗೆ ಚೆನ್ನಾಗಿ ಗೊತ್ತು. ಮಡಿಕೇರಿಗೆ ಹೋದರೆ ಕಾರ್ಯಪ್ಪನವರ ಪ್ರತಿಮೆ, ತಿಮ್ಮಯ್ಯನವರ ಪ್ರತಿಮೆ. ಮನೆಗೆ ಬಂದರೆ ಗೋಡೆಯ ಮೇಲೆ ಅಜ್ಜನ ಭಾವಚಿತ್ರ. ಈ ಪರಂಪರೆ ನನಗೂ ಹೆಮ್ಮೆಯದೇ. ಆದರೆ ನೆಂಟರ ಮುಂದೆ ತಲೆ ತಗ್ಗಿಸಬಾರದು ಎಂಬ ಒಂದೇ ಕಾರಣಕ್ಕೆ ಸೇರಿದವನಿಗೆ ಹಿಮದ ಠಾಣೆಯಲ್ಲಿ ಆ ಕಾರಣ ಬಹಳ ದಿನ ಆಸರೆ ಕೊಡುವುದಿಲ್ಲ, ಏಕೆಂದರೆ ಅಲ್ಲಿ ನೆಂಟರು ಇರುವುದಿಲ್ಲ. ಗೌರವಕ್ಕಾಗಿ ಹೋಗುವವರೂ ಒಂದು ವಿಷಯ ತಿಳಿದಿರಬೇಕು. ಕೊಡಗಿನವರೇ ಆದ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರು 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ, ತಮ್ಮ ಮಿಸ್ಟೇರ್ ವಿಮಾನಕ್ಕಿಂತ ಬಹಳ ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರನ್ನು ಹೊಡೆದುರುಳಿಸಿ, ಮರಳಿ ಬರಲಿಲ್ಲ. ಅಂದು ಆಕಾಶದಲ್ಲಿ ಏನಾಯಿತೆಂಬುದು ವರ್ಷಗಟ್ಟಲೆ ನಮ್ಮವರಿಗೇ ತಿಳಿದಿರಲಿಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ.

ತಾಯಿಯೊಬ್ಬರ ಪ್ರಶ್ನೆ: ಸರ್, ನಾನು ಸೋಮವಾರಪೇಟೆಯವಳು. ನನ್ನ ಒಬ್ಬನೇ ಮಗ ಅಗ್ನಿವೀರ ಪರೀಕ್ಷೆಗೆ ಓದುತ್ತಿದ್ದಾನೆ. ಅವನಿಗೆ ಭಯವಿಲ್ಲ, ಭಯವಿರುವುದು ನನಗೆ. ಅವನಿಗೇನಾದರೂ ಆದರೆ ಎಂಬ ಯೋಚನೆಯಲ್ಲಿ ಊಟವೂ ಸೇರುವುದಿಲ್ಲ. ತಡೆಯುವುದು ತಪ್ಪೇ?

ಉತ್ತರ: ತಾಯಿಗೆ ಭಯವಾಗುವುದು ಸಹಜ, ಅದನ್ನು ಮಗನಿಗೆ ಹೇಳುವುದರಲ್ಲೂ ತಪ್ಪಿಲ್ಲ. ಊಟ ಬಿಟ್ಟು, ಆಣೆ ಹಾಕಿಸಿ ತಡೆಯುವುದು ಮಾತ್ರ ಬೇಡವೆಂದು ನನ್ನ ಅಭಿಪ್ರಾಯ. ಹಾಗೆ ನಿಂತವನು ಮುಂದೆ ಆ ಕೊರಗನ್ನು ನಿಮ್ಮ ಮೇಲೆಯೇ ಹೊರಿಸುವ ಸಾಧ್ಯತೆಯಿದೆ. ಅದರ ಬದಲು ಅವನನ್ನು ಕೂರಿಸಿಕೊಂಡು ಷರತ್ತುಗಳನ್ನು ಜೊತೆಯಲ್ಲಿ ಓದಿ. 2022ರ ಜೂನ್‌ನಲ್ಲಿ ಪ್ರಕಟವಾದ ಅಗ್ನಿಪಥ ಯೋಜನೆಯಂತೆ ಸೇವೆ ನಾಲ್ಕು ವರ್ಷ, ಆಮೇಲೆ ಕಾಯಂ ಆಗುವವರು ಹೆಚ್ಚೆಂದರೆ ಶೇಕಡಾ 25. ಉಳಿದವರು ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಪಡೆದು ಹೊರಬರುತ್ತಾರೆ, ಅವರಿಗೆ ಪಿಂಚಣಿ ಇರುವುದಿಲ್ಲ. ಸೇವೆಯಲ್ಲಿರುವಾಗ ಮೃತಪಟ್ಟರೆ 48 ಲಕ್ಷ ರೂಪಾಯಿ ವಿಮೆಯಿದೆ. ಸಾವಿಗೆ ಕರ್ತವ್ಯವೇ ಕಾರಣವಾಗಿದ್ದರೆ ಅದರ ಮೇಲೆ 44 ಲಕ್ಷ ರೂಪಾಯಿ ಪರಿಹಾರವಿದೆ. ತಾಯಿಯೊಬ್ಬರ ಮುಂದೆ ಈ ಅಂಕಿಗಳನ್ನು ಬರೆಯುವುದು ನನಗೆ ಕಷ್ಟವಾಗುತ್ತದೆ, ಆದರೂ ಮನೆಯವರು ಮೊದಲೇ ತಿಳಿದಿರಬೇಕು. ನಾಲ್ಕು ವರ್ಷ ಮುಗಿಯುವ ಮುನ್ನ ಸ್ವಂತ ಕೋರಿಕೆಯ ಮೇಲೆ ಬಿಟ್ಟು ಬರಲು ತೀರಾ ವಿಶೇಷ ಸಂದರ್ಭಗಳನ್ನು ಬಿಟ್ಟರೆ ಅವಕಾಶವಿಲ್ಲ ಎಂಬುದನ್ನು ನಿಮ್ಮ ಮಗನಿಗೆ ಒತ್ತಿ ಹೇಳಿ. ಇಷ್ಟೆಲ್ಲ ತಿಳಿದ ಮೇಲೂ ಹೋಗುತ್ತೇನೆಂದರೆ ಹರಸಿ ಕಳುಹಿಸಿ.

ಮೊದಲ ಪ್ರಶ್ನೆಗಾರರಿಂದ: ನಿಮ್ಮ ಉತ್ತರವನ್ನು ಓದಿ ಯೋಚಿಸಿದೆ ಸರ್. ನನಗೆ ನಾನು ಸಾಯುವುದಕ್ಕಿಂತ ದೊಡ್ಡ ಭಯ ಬೇರೆಯೇ ಇದೆ ಎನ್ನಿಸಿತು. ಗುಂಡು ಹಾರಿದಾಗ ನನ್ನ ಕಾಲು ಏಳದೆ, ನನ್ನಿಂದಾಗಿ ಪಕ್ಕದವನು ಸತ್ತರೆ?

ಉತ್ತರ: ಪಕ್ಕದವನ ಬಗ್ಗೆ ಈಗಲೇ ಚಿಂತಿಸುತ್ತಿದ್ದೀರಿ ಎಂಬುದು ನನಗೆ ನಿಮ್ಮ ಮೇಲೆ ಭರವಸೆ ಹುಟ್ಟಿಸಿದೆ. ಮೊದಲ ಗುಂಡಿನ ಸದ್ದಿಗೆ ಮೈ ಮರಗಟ್ಟುವುದು ಶರೀರದ ಸ್ವಭಾವ. ಅದಕ್ಕಾಗಿಯೇ ಓಡು, ಬೀಳು, ತೆವಳು, ನೋಡು, ಗುರಿಯಿಡು, ಹಾರಿಸು ಎಂಬ ಕ್ರಮವನ್ನು ಮೊಣಕೈ ತರಚಿ ಹೋಗುವವರೆಗೂ ಮಾಡಿಸುತ್ತಾರೆ. ಆ ಗಳಿಗೆಯಲ್ಲಿ ಬುದ್ಧಿ ಕೆಲಸ ಮಾಡದಿದ್ದರೂ ಮೈಗೆ ದಾರಿ ಗೊತ್ತಿರಬೇಕೆಂಬುದು ಅದರ ಉದ್ದೇಶ. ನೀವು ಅಲ್ಲಿ ಒಂಟಿಯಾಗಿಯೂ ಇರುವುದಿಲ್ಲ. ಇಬ್ಬಿಬ್ಬರ ಜೋಡಿ ಇರುತ್ತದೆ, ನಿಮ್ಮ ಕಾಲು ತಡವರಿಸಿದರೆ ಕೊರಳಪಟ್ಟಿ ಹಿಡಿದು ಎಳೆಯುವವನು ಪಕ್ಕದಲ್ಲೇ ಇರುತ್ತಾನೆ, ಇನ್ನೊಂದು ದಿನ ಅವನನ್ನು ನೀವು ಎಳೆಯುತ್ತೀರಿ. ಅಂಥ ಗಳಿಗೆಯಲ್ಲಿ ನೀವು ಹೇಗೆ ನಡೆದುಕೊಳ್ಳುವಿರಿ ಎಂಬ ಖಾತ್ರಿಯನ್ನು ನಾನು ಕೊಡಲಾರೆ, ಯಾವ ಅಧಿಕಾರಿಯೂ ಕೊಡಲಾರ.

ಆದರೆ ನಿದ್ದೆಯ ವಿಷಯವನ್ನು ಹಗುರವಾಗಿ ನೋಡಬೇಡಿ. ಸೇನೆಯ ಯೋಚನೆ ಬಿಟ್ಟಾಗಲೂ ಸಾವಿನ ಚಿಂತೆ ಬೆನ್ನು ಬಿಡದಿದ್ದರೆ, ಎದೆ ಬಡಿದುಕೊಂಡು ಏಳುವುದು ಮುಂದುವರಿದರೆ, ಮೊದಲು ವೈದ್ಯರನ್ನು ಕಾಣಿ. ಟೆಲಿ ಮಾನಸ್ ಸಹಾಯವಾಣಿಯ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಆ ಚಿಂತೆ ಹತೋಟಿಗೆ ಬರುವ ಮುನ್ನ ಇಷ್ಟು ದೊಡ್ಡ ತೀರ್ಮಾನ ಮಾಡುವುದು ಬೇಡ.

ವಯಸ್ಸು ಮೀರುತ್ತದೆಂಬ ಆತುರವೂ ಬೇಡ. ಪದವಿ ಮುಗಿಸಿದವರಿಗೆ ಕೇಂದ್ರ ಲೋಕಸೇವಾ ಆಯೋಗ ಸೇನಾಧಿಕಾರಿ ಹುದ್ದೆಗೆ ವರ್ಷಕ್ಕೆ ಎರಡು ಬಾರಿ ಸಿಡಿಎಸ್ ಪರೀಕ್ಷೆ ನಡೆಸುತ್ತದೆ, ಆ ದಾರಿ ನಿಮಗೆ ಇನ್ನೂ ಕೆಲವು ವರ್ಷ ತೆರೆದಿರುತ್ತದೆ. ಅದರಲ್ಲಿ ಉತ್ತೀರ್ಣರಾದವರನ್ನು ಆಯ್ಕೆ ಮಂಡಳಿಯ ಐದು ದಿನಗಳ ಸಂದರ್ಶನವಾದ ಎಸ್ಎಸ್‌ಬಿಯಲ್ಲಿ ಮನಶ್ಶಾಸ್ತ್ರಜ್ಞರೂ ಪರಿಶೀಲಿಸುತ್ತಾರೆ. ಅಲ್ಪಾವಧಿ ಸೇವೆಯಾದರೆ ಹತ್ತು ವರ್ಷ, ಬೇಕೆಂದರೆ ನಾಲ್ಕು ವರ್ಷ ವಿಸ್ತರಣೆ. ಅಷ್ಟರಲ್ಲಿ ನಿಮ್ಮ ತಂದೆಯವರ ಹತ್ತಿರ ಕುಳಿತು, ಅವರಿಗೆ ಸೇವೆಯಲ್ಲಿ ಯಾವಾಗ ಭಯವಾಗಿತ್ತು, ಆಗ ಏನು ಮಾಡಿದರು ಎಂದು ಕೇಳಿ. ಹವಾಲ್ದಾರರಾಗಿದ್ದವರು ಈ ಪ್ರಶ್ನೆಗೆ ನನಗಿಂತ ಚೆನ್ನಾಗಿ ಉತ್ತರಿಸಬಲ್ಲರು.